ದೊಡ್ಡ ಭಾವನ ಹಗಲು ದೀಪ

ಷಡ್ಡಕರು ಎಂಬ ಸಂಬಂಧವನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ. ಅಣ್ಣತಮ್ಮಂದಿರಾದರೆ ಜಗಳವಾಡಿ ಮಾತು ಬಿಡಬಹುದು, ಸ್ನೇಹಿತರಾದರೆ ದಾರಿ ಬದಲಿಸಬಹುದು. ಅಕ್ಕತಂಗಿಯರನ್ನು ಮದುವೆಯಾದ ತಪ್ಪಿಗೆ ಷಡ್ಡಕರಾದ ಇಬ್ಬರು ಗಂಡಸರು ಮಾತ್ರ ಇರುವ ತನಕ ಒಬ್ಬರನ್ನೊಬ್ಬರು ನೋಡಿ ನಗುತ್ತಲೇ ಇರಬೇಕು. ಆ ಅಕ್ಕತಂಗಿಯರಿಬ್ಬರ ತಮ್ಮನಾಗಿ ಹುಟ್ಟಿರುವ ನನಗೆ ಎರಡೂ ಕಡೆಯ ನಗುವಿನ ಅರ್ಥ ಚೆನ್ನಾಗಿ ಗೊತ್ತು.

ದೊಡ್ಡ ಭಾವ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ಚಿಕ್ಕ ಭಾವ ಜೀವ ವಿಮೆ ಮಾರುವವರು. ದೊಡ್ಡ ಭಾವನ ಹತ್ತಿರ ಒಂದು ಹಳೆಯ ಕಾರಿದೆ. ಹಳೆಯದು ಎಂದು ಇಲ್ಲಿ ಬರೆದೆ, ಅವರೆದುರು ಅನ್ನುವ ಧೈರ್ಯ ನನಗಿಲ್ಲ. ವಯಸ್ಸಿನ ವಿಷಯದಲ್ಲಿ ಭಾವನದು ಸ್ವಲ್ಪ ಸೂಕ್ಷ್ಮ ಸ್ವಭಾವ. ತಮ್ಮ ವಯಸ್ಸನ್ನು ನಾಲ್ಕೈದು ವರ್ಷ ಇಳಿಸಿ ಹೇಳುತ್ತಾರೆ. ಭಾನುವಾರ ಬೆಳಿಗ್ಗೆ ಬಚ್ಚಲುಮನೆಯ ಅಗುಳಿ ಹಾಕಿಕೊಂಡು ಮೀಸೆಗೆ ಬಣ್ಣ ಹಚ್ಚುತ್ತಾರೆ, ಹೊರಗೆ ಬಂದು ಇವತ್ತು ಬಿಸಿನೀರು ಚೆನ್ನಾಗಿ ಕಾದಿತ್ತು ಎನ್ನುತ್ತಾರೆ. ಬಣ್ಣದ ವಿಷಯ ಲೋಕಕ್ಕೆ ಗೊತ್ತಿಲ್ಲ ಎಂಬುದು ಅವರ ನಂಬಿಕೆ. ಕಾರಿನ ವಯಸ್ಸನ್ನು ಯಾರಾದರೂ ಕೇಳಿದರೆ "ವರ್ಷ ಏನು ನೋಡ್ತೀರಿ, ಕಂಡೀಷನ್ ನೋಡಿ" ಎಂದು ಬಾನೆಟ್ಟಿನ ಮೇಲೆ ತಟ್ಟುತ್ತಾರೆ. ಮೆಲ್ಲಗೆ ತಟ್ಟುತ್ತಾರೆ.

ಆ ಕಂಡೀಷನ್ನಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಕಾರು ಓಡುವಾಗ ಚೆನ್ನಾಗಿಯೇ ಓಡುತ್ತದೆ, ನಿಂತರೆ ಎಂಜಿನ್ ಸತ್ತುಹೋಗುತ್ತದೆ. ಹಾಗಾಗಿ ಸಿಗ್ನಲ್ಲಿರಲಿ, ಗೇಟಿರಲಿ, ಎಲ್ಲಿ ನಿಂತರೂ ಭಾವ ಆಕ್ಸಿಲರೇಟರನ್ನು ಮೇಲಿಂದ ಮೇಲೆ ತುಳಿದು ಅದರ ಜೀವ ಹಿಡಿದಿಟ್ಟುಕೊಳ್ಳಬೇಕು. ಬ್ರುಂ... ಬ್ರುಂ... ಬ್ರುಂ. ಇನ್ನು ಮುಂದಿನ ಸೀಟಿನ ಬಾಗಿಲು. ಅದನ್ನು ತೆರೆಯುವ ಉಪಾಯ ಭಾವನಿಗೊಬ್ಬರಿಗೇ ಗೊತ್ತು. ಎಂಜಿನ್ ಆರಿಸಿ, ಇಳಿದು, ಸುತ್ತಿ ಬಂದು, ಮೊಣಕಾಲಿನಿಂದ ಒಂದು ಕಡೆ ಒತ್ತಿ, ಇನ್ನೊಂದು ಕಡೆ ಎಳೆದು, "ಬನ್ನಿ ಮಾವ, ಕೂತ್ಕೊಳ್ಳಿ" ಎನ್ನುತ್ತಾರೆ.

ಮಾವ ಎಂದರೆ ನಮ್ಮಪ್ಪ. ಅಪ್ಪ ನನ್ನ ಜೊತೆಗಿದ್ದಾರೆ. ದಿನಾ ಬೆಳಿಗ್ಗೆ ಭಾವ ಕಚೇರಿಗೆ ಹೋಗುವಾಗ ನಮ್ಮ ಮನೆಗೆ ಬಂದು ಅಪ್ಪನನ್ನು ವಾಚನಾಲಯದ ಹತ್ತಿರ ಇಳಿಸುತ್ತಾರೆ, ಹಿಂದಿನ ಸೀಟಿನಲ್ಲಿ ಕೂತ ನನ್ನನ್ನು ನಾನು ಚಿತ್ರಕಲೆ ಕಲಿಸುವ ಶಾಲೆಯ ಹತ್ತಿರ ಇಳಿಸುತ್ತಾರೆ. ಎರಡೂ ಕಣ್ಣಿಗೆ ಪೊರೆ ಬಂದು ಅಪ್ಪನಿಗೆ ಅಕ್ಷರ ಕಾಣುವುದು ನಿಂತು ಬಹಳ ಕಾಲವಾಗಿತ್ತು. ಆದರೂ ವಾಚನಾಲಯ ತಪ್ಪಿಸುತ್ತಿರಲಿಲ್ಲ. ಅಲ್ಲಿ ಬೇರೆಯವರು ಓದಿದ ಸುದ್ದಿಗೆ ಇವರು ಅಭಿಪ್ರಾಯ ಕೊಡುತ್ತಿದ್ದರು.

ಈ ಸಾರಥ್ಯ ದೊಡ್ಡ ಭಾವನ ಹಕ್ಕು. ಕಚೇರಿಯಲ್ಲಿ ಅವರನ್ನು ಕೇಳಿ ಯಾರೂ ಒಂದು ನಲ್ಲಿಯನ್ನೂ ತಿರುಗಿಸುವುದಿಲ್ಲ. ಮನೆಯಲ್ಲಿ ನಡೆಯುವುದು ದೊಡ್ಡಕ್ಕನ ಮಾತು. ಆದರೆ ದಿನಕ್ಕೊಂದು ಸಲ ಒಬ್ಬ ಹಿರಿಯರು ಗೇಟಿನ ಹತ್ತಿರ ಕೋಲೂರಿಕೊಂಡು ನಿಂತು ಅವರ ದಾರಿ ಕಾಯುತ್ತಾರೆ. ಅಷ್ಟು ಸಿಕ್ಕರೆ ಭಾವನಿಗೆ ಮಿಕ್ಕ ದಿನ ಹೇಗೋ ಕಳೆಯುತ್ತಿತ್ತು.

ಹೀಗಿರುವಾಗ ಚಿಕ್ಕ ಭಾವ ಹೊಸ ಕಾರು ಕೊಂಡರು.

ಅದನ್ನು ತೋರಿಸಲು ಅವರು ನಮ್ಮ ಮನೆಗೆ ಬಂದಾಗ ದೊಡ್ಡ ಭಾವನೂ ಅಲ್ಲೇ ಇದ್ದರು. ಬಿಸಿಲು ಸುಡುತ್ತಿತ್ತು, ಹೊಸ ಕಾರಿನ ಮುಖದಲ್ಲಿ ಎರಡು ಬಿಳಿ ದೀಪ ಧಗಧಗ ಉರಿಯುತ್ತಿದ್ದವು.

"ಲೈಟ್ ಆರ್ಸೋದು ಮರ್ತಿದ್ದೀರಿ ಷಡ್ಡಕರೇ" ಎಂದರು ದೊಡ್ಡ ಭಾವ, ಬಹಳ ಸಂತೋಷದಿಂದ.

"ಅಯ್ಯೋ, ಇದು ಡಿಆರ್‌ಎಲ್" ಎಂದರು ಚಿಕ್ಕ ಭಾವ, ಅದಕ್ಕಿಂತ ಸಂತೋಷದಿಂದ. "ಡೇಟೈಮ್ ರನ್ನಿಂಗ್ ಲೈಟ್. ಹಗಲು ಹೊತ್ತಲ್ಲೇ ಉರೀಬೇಕು. ಎದುರಿಗೆ ಬರೋರಿಗೆ ನಾವು ಕಾಣ್ಬೇಕಲ್ಲ! ಇದನ್ನ ಆರ್ಸೋಕೆ ಸ್ವಿಚ್ಚೇ ಕೊಟ್ಟಿಲ್ಲ, ಗೊತ್ತಾ? ಅಷ್ಟು ದೊಡ್ಡ ಫೀಚರ್!"

"ಆರ್ಸೋಕಾಗದೇ ಇರೋದು ಒಂದು ದೊಡ್ಡಸ್ತಿಕೆನಾ? ನಮ್ಮ ಬಚ್ಚಲ ನಲ್ಲೀನೂ ನಿಲ್ಸೋಕಾಗಲ್ಲ."

ಮಾತು ಅಲ್ಲಿಗೇ ಮುಗಿದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಗೇಟಿನ ಹತ್ತಿರ ನಿಂತಿದ್ದ ಅಪ್ಪ ಮುಖ ಅರಳಿಸಿಕೊಂಡು ಬಾಯಿ ಹಾಕಿದರು.

"ನಿಜವಾಗ್ಲೂ ಕಾಣುತ್ತಪ್ಪ! ಆ ಮೂಲೆ ತಿರುಗ್ತಿದ್ದ ಹಾಗೇ ಎರಡು ಬೆಳಕು ಕಂಡ್ವು, ಚಿಕ್ಕಳಿಯಂದ್ರು ಬಂದ್ರು ಅಂದ್ಕೊಂಡೆ. ದೊಡ್ಡಳಿಯಂದ್ರ ಗಾಡಿ ಕಾಲ ಮೇಲೆ ಹತ್ತೋವರೆಗೂ ನನಗೆ ಕಾಣಲ್ಲ. ಮುಂದಿನ ತಿಂಗಳು ಕಣ್ಣಿನ ಪೊರೆ ಆಪರೇಷನ್ ಇದೆಯಲ್ಲ, ಆ ದಿನ ಇದ್ರಲ್ಲೇ ಹೋಗ್ಬಿಡೋಣ. ಪಾಪ, ದೊಡ್ಡಳಿಯಂದ್ರಿಗೆ ಯಾಕೆ ತೊಂದ್ರೆ?"

ಅಪ್ಪನ ಮಾತಿನಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ, ಅದೇ ಕಷ್ಟ. ಕುಹಕವಿದ್ದಿದ್ದರೆ ಭಾವ ಜಗಳವಾಡಿ ಹಗುರಾಗುತ್ತಿದ್ದರು. ಈಗ ಷಡ್ಡಕರ ನಗು ನಗುತ್ತಾ ಹೊಸ ಸೀಟು ಒತ್ತಿ ನೋಡಿ, ಮೆತ್ತಗಿದೆ ಎಂದು ಹೊಗಳಿ, ನನ್ನ ತೋಳು ಹಿಡಿದು ರಸ್ತೆಯ ಮೂಲೆಗೆ ಎಳೆದುಕೊಂಡು ಹೋದರು.

"ಭಾಮೈದ, ಈಗಲೇ ಬಾ. ಆ ದೀಪ ಎಲ್ಲಿ ಸಿಗುತ್ತೆ ನೋಡೋಣ. ಮಾವನಿಗೆ ನಾನು ಬರೋದು ಕಾಣ್ಬೇಕು ಕಣೋ."

ಅವರ ಕಣ್ಣಲ್ಲಿ ನೀರಿತ್ತೆಂದು ಹೇಳಿದರೆ ಅವರು ಒಪ್ಪುವುದಿಲ್ಲ. ಇತ್ತು.

ಬಿಡಿಭಾಗಗಳ ಅಂಗಡಿಯಲ್ಲಿ ಜನ ಕಿಕ್ಕಿರಿದಿದ್ದರು. ಗಲ್ಲದ ಹತ್ತಿರ ಮೊಬೈಲು ಸಿಕ್ಕಿಸಿಕೊಂಡು ಇನ್ನೊಬ್ಬ ಗಿರಾಕಿಯನ್ನು ಬೈಯುತ್ತಿದ್ದ ಅಂಗಡಿಯವನು, ಭಾವ ಹೇಳಿದ್ದನ್ನು ಕೇಳಿ ಎರಡು ದೀಪದ ಪಟ್ಟಿ ಮತ್ತು ಮಾಡ್ಯೂಲ್ ಎಂಬ ಕಪ್ಪು ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟ.

"ಈ ಡಬ್ಬಿಗೆ ತಲೆ ಇದೆ ಸಾರ್. ಎಂಜಿನ್ ಓಡಿ ಬ್ಯಾಟರಿ ಚಾರ್ಜ್ ಆಗ್ತಿದ್ರೆ ತಾನೇ ದೀಪ ಹತ್ಸುತ್ತೆ, ಚಾರ್ಜ್ ನಿಂತ್ರೆ ತಾನೇ ಆರ್ಸುತ್ತೆ. ಆದ್ರೆ ಎಲ್ಲ ಗಾಡಿಗೂ ಹೊಂದಲ್ಲ. ಯಾವ ವರ್ಷದ್ದು ನಿಮ್ದು?"

ಭಾವ ಸುತ್ತಲೂ ನೋಡಿದರು. ಎಡಕ್ಕೆ ಇಬ್ಬರು ಹುಡುಗಿಯರು ಸ್ಕೂಟರಿನ ಕನ್ನಡಿ ಆರಿಸುತ್ತಿದ್ದರು. ಬಲಕ್ಕೆ ಅವರ ಕಚೇರಿಯ ಅಕೌಂಟೆಂಟರನ್ನು ಹೋಲುವ ಒಬ್ಬರು ನಿಂತಿದ್ದರು. ಭಾವ ಎದೆ ಸೆಟೆಸಿ, ಒಂದೇ ಉಸಿರಿಗೆ, ಕಾರಿನ ವಯಸ್ಸಿನಿಂದ ಹದಿನೈದು ವರ್ಷ ಹಾರಿಸಿ ಒಂದು ಇಸವಿ ಹೇಳಿದರು.

ನಾನು ಬಾಯಿ ತೆರೆದೆ. ಅವರು ನನ್ನ ಕಾಲು ತುಳಿದರು. ಆಕ್ಸಿಲರೇಟರ್ ತುಳಿದು ಪಳಗಿದ ಕಾಲು ಅದು, ನಾನು ಬಾಯಿ ಮುಚ್ಚಿದೆ.

"ಹಾಗಾದ್ರೆ ಕಣ್ಮುಚ್ಕೊಂಡು ಹಾಕಿ" ಎಂದ ಅಂಗಡಿಯವನು. "ಅದಕ್ಕೂ ಹಿಂದಿನ ಮಾಡಲ್ ಆಗಿದ್ರೆ ಬೇಡ ಅಂತಿದ್ದೆ. ಅದಕ್ಕೆ ಬೇರೆ ವೈರಿಂಗು, ಬೇರೆ ಸ್ವಿಚ್ಚು. ಅಂಥ ಗಾಡಿ ಈಗ ಯಾರ ಹತ್ರ ಇದೆ ಬಿಡಿ."

"ಯಾರ ಹತ್ರಾನೂ ಇರಲ್ಲ" ಎಂದು ಭಾವ ನಕ್ಕರು.

ಭಾವನ ಮನೆಯ ಅಂಗಳದಲ್ಲೇ ಜೋಡಣೆ ನಡೆಯಿತು. ಕೆಂಪು ವೈರಿಗೆ ಕೆಂಪು, ಕಪ್ಪಿಗೆ ಕಪ್ಪು, ಮಿಕ್ಕ ನೀಲಿ ವೈರನ್ನು ಭಾವ ಬಹಳ ಹೊತ್ತು ದಿಟ್ಟಿಸಿ ನೋಡಿ ಒಳಗೆ ಮಡಚಿಟ್ಟರು. ಆಮೇಲೆ ಹೊಂದಾಣಿಕೆಯ ಪರೀಕ್ಷೆ. ಡಬ್ಬಿಯ ಮೇಲೆ ಬರೆದಂತೆ ಪರೀಕ್ಷೆ ಮಾಡಿಯೇ ಓಡಿಸಬೇಕೆಂದು ಭಾವನ ಹಟ. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ತಾವು ಕಾರಿನ ಎದುರು ಕುಕ್ಕರಗಾಲಲ್ಲಿ ಕೂತರು.

"ಸ್ಟಾರ್ಟ್ ಮಾಡು! ತುಳಿ! ಬಿಡ್ಬೇಡ, ಎಂಜಿನ್ ಸಾಯುತ್ತೆ! ಒತ್ತಿ ಹಿಡ್ಕೋ!"

ನಾನು ಒತ್ತಿ ಹಿಡಿದೆ. ದೀಪ ಹತ್ತಿತು. ಹತ್ತಿದ್ದು ಹಾಗೇ ಉರಿಯಿತು. ಅದರ ಬೆಳಕು ಭಾವನ ಮುಖದ ಮೇಲೆ, ಕಪ್ಪು ಮೀಸೆಯ ಮೇಲೆ ಬಿತ್ತು. ಎಂಜಿನ್ ಆರಿಸಿದೆ, ದೀಪವೂ ಆರಿತು. "ಪರ್ಫೆಕ್ಟ್!" ಎಂದರು ಭಾವ. ಪರೀಕ್ಷೆ ಮುಗಿಯಿತು.

ತುಳಿದ ಕಾಲನ್ನು ಎತ್ತಿದರೆ ಏನಾಗುತ್ತದೆ ಎಂದು ನಾವಿಬ್ಬರೂ ನೋಡಲಿಲ್ಲ. ಓಡಿಸುವವನಿಗೆ ತನ್ನ ಗಾಡಿಯ ಮುಖ ಕಾಣುವುದಿಲ್ಲವಲ್ಲ. ಹಿಂದಿನ ಸೀಟಿನವನಿಗೆ ಮೊದಲೇ ಕಾಣುವುದಿಲ್ಲ.

ಮರುದಿನದಿಂದ ರಸ್ತೆಯ ಮೇಲೆ ನಮ್ಮ ಗೌರವ ಏಕಾಏಕಿ ಏರಿತು. ಸರ್ಕಲ್ಲಿನಲ್ಲಿ ಭಾವ ನಿಂತು ಬ್ರುಂ ಬ್ರುಂ ಎನ್ನಿಸುತ್ತಿದ್ದರೆ ಟ್ರಾಫಿಕ್ ಪೊಲೀಸು ನಮ್ಮ ಕಡೆ ತಿರುಗಿ, ಬೆಚ್ಚಿ, ನಾಲ್ಕು ಕಡೆಯ ವಾಹನಗಳನ್ನೂ ತಡೆದು, ನಮಗೊಂದು ಸೆಲ್ಯೂಟ್ ಹೊಡೆದು ದಾರಿ ಬಿಟ್ಟ. ಎದುರಿಂದ ಬಂದ ಲಾರಿ ತಾನಾಗಿ ಪಕ್ಕಕ್ಕೆ ಸರಿಯಿತು. ಸೈಕಲ್ ರಿಪೇರಿಯವನು ಅಂಗಡಿಯಿಂದ ಎದ್ದು ಕೈಬೀಸಿದ. ಕಚೇರಿಯ ಗೇಟಿನವನಂತೂ ಎಂದೂ ಇಲ್ಲದ್ದು ಓಡಿಬಂದು ಎರಡೂ ಕದ ತೆರೆದನಂತೆ.

"ನೋಡಿದ್ಯೇನೋ" ಎಂದರು ಭಾವ. "ಒಂದು ದೀಪ ಮನುಷ್ಯನ್ನ ಎಲ್ಲಿಗೆ ಏರ್ಸುತ್ತೆ ನೋಡು. ಜನಕ್ಕೆ ಗಾಡಿಯ ಲಕ್ಷಣ ಗೊತ್ತಾಗುತ್ತೆ." ಪ್ರತಿಯೊಬ್ಬರಿಗೂ ಅವರು ಒಂದು ಕೈ ಎತ್ತಿ, ತಲೆಯನ್ನು ಸ್ವಲ್ಪ ಓರೆ ಮಾಡಿ, ಗಂಭೀರವಾಗಿ ಪ್ರತಿನಮಸ್ಕಾರ ಮಾಡತೊಡಗಿದರು. ಈ ಕೈ ಎತ್ತುವುದನ್ನು ಅವರು ಮನೆಯ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದರೆಂದು ಆಮೇಲೆ ಅಕ್ಕ ಹೇಳಿದಳು.

ಮೊದಲ ವಿಘ್ನ ಎದುರು ಮನೆಯ ನಿವೃತ್ತ ಹೆಡ್‌ಮೇಷ್ಟ್ರ ರೂಪದಲ್ಲಿ ಬಂತು. ಅವರು ಒಂದು ಸಂಜೆ ಚಪ್ಪಲಿಯನ್ನೂ ಬಿಡದೆ ಭಾವನ ಮನೆಯ ನಡುಮನೆಗೆ ನುಗ್ಗಿದರು. ನಾನೂ ಅಲ್ಲಿದ್ದೆ.

"ನಮ್ಮನೆ ಯಜಮಾನ್ತಿಯೋರು ಗಿಡಕ್ಕೆ ನೀರು ಹಾಕ್ತಿರುವಾಗ ನೀವು ಅವ್ರಿಗೆ ಸನ್ನೆ ಮಾಡ್ತೀರಂತೆ?"

"ಸನ್ನೆನಾ? ನಾನಾ?"

"ಒಂದ್ಸಲ ಅಲ್ಲ, ಮೇಲಿಂದ ಮೇಲೆ! ಅವ್ರು ಪಾಪ ಏನೋ ಅಂತ ನಕ್ಕಿದ್ದಾರೆ. ಆಮೇಲೆ ನೀವು ಕೈ ಬೇರೆ ಎತ್ತಿದ್ದೀರಿ!"

ಕೈ ಎತ್ತಿದ್ದು ನಿಜವಾದ್ದರಿಂದ ಭಾವ ತಡವರಿಸಿದರು. "ಅದು... ಅವ್ರು ನಕ್ರು, ನಾನು ನಮಸ್ಕಾರ ಮಾಡಿದೆ. ಗೌರವಕ್ಕೆ ಗೌರವ."

"ಗೌರವ! ಈ ವಯಸ್ಸಲ್ಲಿ ಇದೆಲ್ಲ ನಿಮಗೆ ಬೇಕಾ?"

"ಯಾವ ವಯಸ್ಸಲ್ಲಿ?" ಎಂದು ಭಾವ ಎದ್ದು ನಿಂತರು. ಸನ್ನೆಯ ಆರೋಪವನ್ನು ಸಹಿಸಿಕೊಂಡಿದ್ದವರು ವಯಸ್ಸಿನ ಮಾತಿಗೆ ಕೆಂಡವಾದರು. "ಹೇಳಿ, ಯಾವ ವಯಸ್ಸು? ನನಗೆಷ್ಟು ಅಂತ ತಿಳ್ಕೊಂಡಿದ್ದೀರಿ?"

ಅಡುಗೆಮನೆಯಿಂದ ಬಂದ ಅಕ್ಕ ಹೆಡ್‌ಮೇಷ್ಟ್ರಿಗೆ ಕುರ್ಚಿ ಎಳೆದು ಕೂರಿಸಿದಳು. "ನೀವು ಸುಮ್ನೆ ಗಾಬರಿ ಆಗ್ಬೇಡಿ ಮೇಷ್ಟ್ರೇ. ಇವ್ರಿಗೆ ಸನ್ನೆ ಮಾಡೋಕೆ ಬರಲ್ಲ. ಬರೋ ಹಾಗಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ?"

ಮೇಷ್ಟ್ರಿಗೆ ಸಮಾಧಾನವಾಯಿತು. ಭಾವನಿಗೆ ಯಾವುದು ಹೆಚ್ಚು ನೋವಾಯಿತೋ ನಾನು ಕೇಳಲಿಲ್ಲ.

ಆದರೆ ಯಾರಿಗಾಗಿ ಇಷ್ಟೆಲ್ಲ ನಡೆದಿತ್ತೋ ಆ ಅಪ್ಪ ಮಾತ್ರ ದೀಪದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಭಾವ ದಿನಾ ಆಸೆಯಿಂದ ಕಾಯುತ್ತಿದ್ದರು. ನಾನು ಬಾಗಿಲಿಗೆ ಬೀಗ ಹಾಕಿ ಬರುವಷ್ಟರಲ್ಲಿ ಅವರು ಎಂಜಿನ್ ಆರಿಸಿ ಇಳಿದು, ಅಪ್ಪನ ಎದುರು ನಿಂತಿರುತ್ತಿದ್ದರು. "ಏನ್ ಮಾವ, ಏನಾದ್ರೂ ಹೊಸದು ಕಾಣ್ತಿದೆಯಾ?"

ಅಪ್ಪ "ಇಲ್ಲ ಇಲ್ಲ, ಏನೂ ಕಾಣಲ್ಲ" ಎಂದು ಅವಸರವಾಗಿ ತಲೆಯಾಡಿಸಿ ಕಾರು ಹತ್ತುತ್ತಿದ್ದರು. ಆ ಅವಸರ ನನಗೆ ವಿಚಿತ್ರವೆನಿಸಿತ್ತು.

ಆಪರೇಷನ್ನಿಗೆ ಮುಂಚಿನ ತಪಾಸಣೆಗೆ ಕಣ್ಣಾಸ್ಪತ್ರೆಗೆ ಹೋದಾಗ ಕಾರಣ ಹೊರಬಿತ್ತು. ಒಳಗೆ ಅಪ್ಪ, ನಾನು, ಇಬ್ಬರು ಭಾವಂದಿರು. ಡಾಕ್ಟರಮ್ಮ ಬಹಳ ಕಟ್ಟುನಿಟ್ಟಿನವರು. ದೀಪ ಹಿಡಿದು ಕಣ್ಣು ನೋಡುತ್ತಾ "ಬೇರೆ ಏನಾದ್ರೂ ತೊಂದ್ರೆ ಇದೆಯಾ?" ಎಂದು ಕೇಳಿದರು.

ಅಪ್ಪ ದನಿ ತಗ್ಗಿಸಿದರು. "ಮನೆಯೋರಿಗೆ ಹೇಳಿ ಗಾಬರಿ ಮಾಡೋದು ಬೇಡ ಅಂತಿದ್ದೆ ಡಾಕ್ಟ್ರಮ್ಮ. ಕಣ್ಣಲ್ಲಿ ಮಿಂಚು ಬರುತ್ತೆ. ಫಳ್... ಫಳ್... ಫಳ್ ಅಂತ."

ಡಾಕ್ಟರಮ್ಮನ ಕೈ ನಿಂತಿತು. ಕಣ್ಣಲ್ಲಿ ಮಿಂಚು ಕಾಣುವುದೆಂದರೆ ರೆಟಿನಾ ಎಂಬ ಹಿಂದಿನ ಪರದೆ ಹರಿಯುತ್ತಿರಬಹುದು, ಹಾಗಿದ್ದರೆ ಪೊರೆಯ ಆಪರೇಷನ್ ಮಾಡುವ ಹಾಗೇ ಇಲ್ಲ, ದೃಷ್ಟಿಯೇ ಹೋದೀತು ಎಂದು ಅವರು ಅಷ್ಟೂ ಜನಕ್ಕೆ ವಿವರಿಸಿದರು. ಚಿಕ್ಕ ಭಾವ ಅಭ್ಯಾಸಬಲದಿಂದ ವಿಮೆಯ ಬ್ಯಾಗಿನ ಜಿಪ್ಪೆಳೆದು ನಾಚಿ ಮುಚ್ಚಿದರು. ಅಪ್ಪನನ್ನು ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಕೂರಿಸಿ, ಸ್ಕ್ಯಾನು ಮಾಡಿ, ಕೊನೆಗೆ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿಕೊಂಡು ಬಂದರು.

"ಪರದೆ ಚೆನ್ನಾಗಿದೆ. ಮತ್ತೆ ಮಿಂಚು ಎಲ್ಲಿಂದ ಬರುತ್ತೆ? ಯಾವಾಗ ಬರುತ್ತೆ, ನೆನಪು ಮಾಡ್ಕೊಂಡು ಹೇಳಿ."

"ದೊಡ್ಡಳಿಯಂದ್ರು ಬಂದಾಗ" ಎಂದರು ಅಪ್ಪ.

"ಅಂದ್ರೆ?"

"ಅವ್ರು ಬೆಳಿಗ್ಗೆ ಮನೆಗೆ ಬರ್ತಾರಲ್ಲ, ಅವಾಗ್ಲೇ. ಅವ್ರು ಬಂದು ಎದುರಿಗೆ ನಿಂತ್ಮೇಲೆ ಹೋಗ್ಬಿಡುತ್ತೆ."

"ಚಿಕ್ಕಳಿಯ ಬಂದಾಗ?"

"ಇಲ್ಲಮ್ಮ. ಅವ್ರು ಬಂದಾಗ ಬೆಳಕು ನಿಶ್ಚಲವಾಗಿರುತ್ತೆ. ಮನಸ್ಸಿಗೂ ಹಾಯೆನಿಸುತ್ತೆ."

ಕೋಣೆಯಲ್ಲಿ ಎಲ್ಲರೂ ದೊಡ್ಡ ಭಾವನ ಕಡೆ ತಿರುಗಿದರು. ನರ್ಸು ಕೂಡ ತಿರುಗಿದಳು. ಭಾವ ಗೋಡೆಯ ಮೇಲಿನ ದೊಡ್ಡ ಕಣ್ಣಿನ ಚಿತ್ರದ ಕಡೆ ತಿರುಗಿದರು, ಅದೂ ಅವರನ್ನೇ ನೋಡುತ್ತಿತ್ತು.

"ಮನೇಲಿ ಏನಾದ್ರೂ ಮನಸ್ತಾಪ ಇದೆಯಾ?" ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

"ದೇವರಾಣೆಗೂ ಇಲ್ಲ!" ಎಂದರು ಅಪ್ಪ ಮತ್ತು ಭಾವ, ಒಟ್ಟಿಗೆ.

"ಎಷ್ಟೋ ಸಲ ನಮಗೇ ಗೊತ್ತಿಲ್ದೆ ಒಬ್ಬೊಬ್ಬರನ್ನ ಕಂಡ್ರೆ ರಕ್ತದೊತ್ತಡ ಏರುತ್ತೆ. ಆಪರೇಷನ್ನಿಗೆ ಅದು ಒಳ್ಳೇದಲ್ಲ. ನೀವು ತಪ್ಪು ತಿಳ್ಕೋಬೇಡಿ," ಡಾಕ್ಟರಮ್ಮ ದೊಡ್ಡ ಭಾವನಿಗೆ ಹೇಳಿದರು, "ಆಪರೇಷನ್ ಆಗೋವರೆಗೂ ಸ್ವಲ್ಪ ದೂರ ಇರಿ. ಇವ್ರ ಕಣ್ಣಿಗೆ ಬೀಳ್ಬೇಡಿ."

ಮಾವನ ಕಣ್ಣಿಗೆ ಬೀಳಬೇಕೆಂದು ದೀಪ ಹಾಕಿಸಿದ ಮನುಷ್ಯನಿಗೆ ಸಿಕ್ಕ ತೀರ್ಪು ಅದು. ಚಿಕ್ಕ ಭಾವ ಅವರ ಬೆನ್ನು ಸವರಿ "ನಾನಿದ್ದೀನಲ್ಲ ಷಡ್ಡಕರೇ, ನೀವು ನಿಶ್ಚಿಂತೆಯಿಂದ ಮನೇಲಿರಿ" ಎಂದರು. ಭಾವ ನಕ್ಕರು. ಅವತ್ತು ಆ ನಗುವನ್ನು ನೋಡಲು ನನಗೇ ಆಗಲಿಲ್ಲ.

ಸುದ್ದಿ ನೆಂಟರಲ್ಲಿ ಹಬ್ಬಲು ಹೊತ್ತಾಗಲಿಲ್ಲ. ಅತ್ತೆ ಫೋನು ಮಾಡಿ "ಅವ್ನ ಮುಖದಲ್ಲಿ ಏನೋ ಇದೆ ಅಂತ ಮದುವೆ ದಿನಾನೇ ಅಂದಿದ್ದೆ" ಎಂದಳು. ಚಿಕ್ಕಪ್ಪ, ದೊಡ್ಡಳಿಯನ ಫೋಟೋವನ್ನೂ ಸದ್ಯಕ್ಕೆ ಗೋಡೆಯಿಂದ ತೆಗೆಯುವುದು ಕ್ಷೇಮ ಎಂದು ಸಲಹೆ ಕೊಟ್ಟರು. ದೊಡ್ಡಕ್ಕ ಮಾತ್ರ ಗಂಡನನ್ನು ಒಂದು ಕ್ಷಣ ನೋಡಿ, "ನನಗೆ ಇಷ್ಟು ವರ್ಷದಲ್ಲಿ ಒಂದು ಮಿಂಚೂ ಕಾಣ್ಲಿಲ್ವಲ್ಲ" ಎಂದು ಒಳಗೆ ಹೋದಳು.

ಆಪರೇಷನ್ನಿನ ದಿನ ಅಪ್ಪ ಹೊಸ ಕಾರಿನ ಮುಂದಿನ ಸೀಟಿನಲ್ಲಿ ಕೂತು ಹೋದರು. ನಾನೂ ಚಿಕ್ಕ ಭಾವನೂ ಜೊತೆಗಿದ್ದೆವು. ಕೊನೆಯ ತಪಾಸಣೆಗೆ ಡಾಕ್ಟರಮ್ಮ ಅಪ್ಪನನ್ನು ಕಿಟಕಿಯ ಎದುರಿನ ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಹನಿ ಬಿಟ್ಟು ಒರೆಸಿದರು. ನಾವಿಬ್ಬರು ಕಿಟಕಿಗೆ ಬೆನ್ನು ಮಾಡಿ ಬೆಂಚಿನ ಮೇಲೆ ಕೂತಿದ್ದೆವು.

"ಇವತ್ತು ಹೇಗಿದೆ? ಮಿಂಚು ನಿಂತ್ಹೋಗಿರ್ಬೇಕಲ್ಲ?"

"ನಿಂತಿತ್ತು ಡಾಕ್ಟ್ರಮ್ಮ. ಇಷ್ಟು ದಿನ ದೊಡ್ಡಳಿಯಂದ್ರು ಬರ್ಲಿಲ್ಲ, ಮಿಂಚೂ ಬರ್ಲಿಲ್ಲ. ಮನಸ್ಸಿಗೆ ಮಾತ್ರ ಒಂಥರಾ..." ಅಪ್ಪ ಅರ್ಧಕ್ಕೇ ನಿಲ್ಲಿಸಿ ಕುರ್ಚಿಯ ಕೈ ಹಿಡಿದರು. "ಬಂತು! ಈಗ ಬಂತು! ಫಳ್! ಫಳ್!"

"ಈಗಲಾ? ಆದ್ರೆ ನಿಮ್ಮ ದೊಡ್ಡಳಿಯ ಇಲ್ಲಿಲ್ವಲ್ಲ!"

"ಹಾಗಾದ್ರೆ ಬಂದಿದ್ದಾರೆ ಅಂತರ್ಥ" ಎಂದರು ಅಪ್ಪ ಖಚಿತವಾಗಿ.

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಪರದೆ ಎಳೆಯಲು ಕಿಟಕಿಯ ಕಡೆ ತಿರುಗಿದರು. ತಿರುಗಿದವರು ಕಣ್ಣುಜ್ಜಿಕೊಂಡರು. ಮತ್ತೆ ನೋಡಿದರು, ಮತ್ತೆ ಉಜ್ಜಿಕೊಂಡರು. ಮೆಲ್ಲಗೆ ಬಂದು ತಮ್ಮ ಕುರ್ಚಿಯಲ್ಲಿ ಕೂತು, ಬಿಳುಚಿದ ಮುಖದಲ್ಲಿ ಹೇಳಿದರು:

"ಸಿಸ್ಟರ್... ನನಗೂ ಬರ್ತಿದೆ. ದೊಡ್ಡ ಡಾಕ್ಟ್ರನ್ನ ಕರೀರಿ."

ಆಗ ಬಾಗಿಲು ತಳ್ಳಿಕೊಂಡು ಬಂದವರು ದೊಡ್ಡ ಡಾಕ್ಟರಲ್ಲ, ಆಸ್ಪತ್ರೆಯ ಕಾವಲುಗಾರ.

"ಮೇಡಂ, ಹೊರಗಡೆ ಒಂದು ಹಳೇ ಗಾಡಿ ಬಂದು ನಿಂತು ನಿಮ್ಮ ಕಿಟಕಿಗೆ ಕಣ್ಣು ಹೊಡೀತಾ ಇದೆ. ಏನ್ ಮಾಡ್ಲಿ?"

ಎಲ್ಲರೂ ಕಿಟಕಿಗೆ ಮುಗಿಬಿದ್ದೆವು. ಕೆಳಗೆ ಅಂಗಳದಲ್ಲಿ ದೊಡ್ಡ ಭಾವನ ಕಾರು ನಿಂತಿತ್ತು. ಅಪ್ಪನಿಗೆ ಬಿಸಿನೀರಿನ ಫ್ಲಾಸ್ಕ್ ತಂದಿದ್ದ ಅಕ್ಕ ಇಳಿದು ಮೆಟ್ಟಿಲ ಕಡೆ ಬರುತ್ತಿದ್ದಳು. ಡಾಕ್ಟರ ಅಪ್ಪಣೆ ಮೀರದೆ ಒಳಗೇ ಕೂತಿದ್ದ ಭಾವ ಎಂಜಿನ್ ಸಾಯದ ಹಾಗೆ ನಿಷ್ಠೆಯಿಂದ ತುಳಿಯುತ್ತಿದ್ದರು. ಬ್ರು‌ಂ, ದೀಪ ಹತ್ತಿತು. ಕಾಲೆತ್ತಿದರು, ಆರಿತು. ಬ್ರುಂ, ಹತ್ತಿತು. ಗಾಜಿನಾಚೆ ನಮ್ಮೆಲ್ಲರ ತಲೆಗಳನ್ನು ಕಂಡು ಭಾವ ಒಂದು ಕೈ ಎತ್ತಿ, ತಲೆ ಓರೆ ಮಾಡಿ, ನಮಸ್ಕಾರ ಮಾಡಿದರು.

ಅವರನ್ನು ಮೇಲೆ ಕರೆಸಿದರು. ಭಾವ ನಂಬಲಿಲ್ಲ.

"ಸಾಧ್ಯವೇ ಇಲ್ಲ ಮೇಡಂ. ಎಲ್ಲ ಪರೀಕ್ಷೆ ಮಾಡಿಯೇ ಹಾಕಿದ್ದು. ಹೊಂದುತ್ತೆ ಅಂತ ಅಂಗಡಿಯವನೇ ಹೇಳಿದಾನೆ."

"ನೋಡಿ, ನನಗೆ ಖಾತ್ರಿ ಬೇಕು" ಎಂದರು ಡಾಕ್ಟರಮ್ಮ. ತಮ್ಮ ಕಣ್ಣು ಸರಿಯಿದೆಯೆಂದು ಗೊತ್ತಾದ ಮೇಲೆ ಅವರ ಕಟ್ಟುನಿಟ್ಟು ಇಮ್ಮಡಿಯಾಗಿತ್ತು. "ಇದು ಇವತ್ತು ಮಾತ್ರ ಹೀಗಾಗಿದ್ಯೋ, ಮೊದಲಿಂದಲೂ ಹೀಗೇ ಇದ್ಯೋ? ಮೊದಲಿಂದಲೂ ಗಾಡೀದೇ ಮಿಂಚು ಅಂತಾದ್ರೆ ಈಗಲೇ ಆಪರೇಷನ್. ಇಲ್ಲಾಂದ್ರೆ ಮುಂದಕ್ಕೆ ಹಾಕ್ತೀನಿ."

ಚಿಕ್ಕ ಭಾವ ಅಂಗಡಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು. ಅಂಗಡಿಯವನು ವಿಷಯ ಕೇಳಿ ರೇಗಿದ. "ಹಾಗಾಗೋಕೆ ಸಾಧ್ಯನೇ ಇಲ್ಲ ಸಾರ್! ಅವ್ರು ಹೇಳಿದ ವರ್ಷದ ಗಾಡಿ ನಿಂತಿದ್ರೂ ಬ್ಯಾಟರಿ ಚಾರ್ಜ್ ಆಗ್ತಿರುತ್ತೆ, ದೀಪ ಆರಲ್ಲ. ಗಾಡಿ ನಿಜವಾಗ್ಲೂ ಆ ವರ್ಷದ್ದೇನಾ?"

ನಿಜ ಗೊತ್ತಿದ್ದ ನಾನು ಭಾವನ ಮುಖ ನೋಡಿದೆ. ಅವರು ಷಡ್ಡಕರನ್ನು ನೋಡಿದರು, ನರ್ಸನ್ನು ನೋಡಿದರು, ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತ ಅಕ್ಕನನ್ನು ನೋಡಿದರು. ಕೊನೆಗೆ ಹನಿ ಬಿಟ್ಟ ಕಣ್ಣು ಮುಚ್ಚಿಕೊಂಡು, ಅತ್ತ ಆಪರೇಷನ್ನೂ ಇಲ್ಲ ಇತ್ತ ಮನೆಯೂ ಇಲ್ಲ ಎಂಬಂತೆ ಕೂತಿದ್ದ ಅಪ್ಪನನ್ನು ನೋಡಿದರು. ನೋಡಿ, ಫೋನಿನ ಹತ್ತಿರ ಬಾಗಿ, ಕಾರಿನ ನಿಜವಾದ ಇಸವಿಯನ್ನು ಸ್ಪಷ್ಟವಾಗಿ ಹೇಳಿದರು.



"ಸಾರ್," ಎಂದ ಅಂಗಡಿಯವನು ಭಕ್ತಿಯಿಂದ, "ಅದು ಇನ್ನೂ ಓಡ್ತಿದೆಯಾ?"

ಅಷ್ಟು ಹಳೆಯ ಗಾಡಿಯಲ್ಲಿ ಎಂಜಿನ್ ಜೋರಾಗಿ ಓಡಿದರೆ ಮಾತ್ರ ಬ್ಯಾಟರಿ ಚಾರ್ಜ್ ಆಗುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ, ಆ ಡಬ್ಬಿ ಅದನ್ನು ಕಂಡು ಹತ್ತಿಸಿ ಆರಿಸಿ ಮೊದಲ ದಿನದಿಂದಲೂ ಒದ್ದಾಡಿರುತ್ತದೆ ಎಂದು ಅವನು ಹೇಳಿದ. ಡಾಕ್ಟರಮ್ಮನಿಗೆ ಅಷ್ಟು ಸಾಕಾಯಿತು. "ಕರ್ಕೊಂಡ್ ಬನ್ನಿ" ಎಂದು ನರ್ಸಿಗೆ ಹೇಳಿ ಆಪರೇಷನ್ ಕೋಣೆಗೆ ನಡೆದರು.

ಚಿಕ್ಕ ಭಾವ ಮಾತ್ರ ಏನೋ ಯೋಚನೆಗೆ ಬಿದ್ದು, ದೊಡ್ಡ ಭಾವನ ಹತ್ತಿರ ಸರಿದು, ಆತಂಕದಿಂದ ಕೇಳಿದರು: "ಷಡ್ಡಕರೇ, ನನ್ನ ಹತ್ರ ವಿಮೆ ಮಾಡ್ಸಿದಾಗ ನಿಮ್ಮ ವಯಸ್ಸಾದ್ರೂ ಸರಿಯಾಗಿ ಹೇಳಿದ್ದೀರಿ ತಾನೇ?"

ಭಾವ ಫ್ಲಾಸ್ಕಿನ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡತೊಡಗಿದರು.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಕೊಟ್ಟು, ಸದ್ಯಕ್ಕೆ ಚುಚ್ಚುವ ಬೆಳಕು ಬೇಡ ಎಂದು ಹೇಳಿ ಮನೆಗೆ ಬಿಟ್ಟರು. ಮೆಟ್ಟಿಲಿಳಿದು ಬಂದರೆ ಅಂಗಳದಲ್ಲಿ ಎರಡು ಕಾರೂ ನಿಂತಿದ್ದವು. ದೊಡ್ಡ ಭಾವ ತಮ್ಮ ಕಾರನ್ನು ಮೂಲೆಯಲ್ಲಿ, ಮರದ ಮರೆಯಲ್ಲಿ ನಿಲ್ಲಿಸಿಕೊಂಡಿದ್ದರು. ದೀಪವನ್ನೂ ಡಬ್ಬಿಯನ್ನೂ ಹಿಂದಿನ ದಿನವೇ ಕಿತ್ತುಹಾಕಿದ್ದರು. ಎರಡು ವೈರುಗಳು ಮಾತ್ರ ಬಂಪರಿನಿಂದ ಇಳಿಬಿದ್ದಿದ್ದವು.

ಚಿಕ್ಕ ಭಾವ ಗತ್ತಿನಿಂದ ಕಾರು ಸ್ಟಾರ್ಟ್ ಮಾಡಿ ಅಪ್ಪನ ಎದುರಿಗೆ ತಂದರು. ಅಪ್ಪ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದರು.

"ಅಯ್ಯಯ್ಯೋ, ಚುಚ್ಚುತ್ತಪ್ಪ! ಅದನ್ನ ಆರ್ಸಿ!"

ಚಿಕ್ಕ ಭಾವ ಗಾಬರಿಯಲ್ಲಿ ಎಂಜಿನ್ ಆರಿಸುವುದನ್ನೇ ಮರೆತು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದರು. ವೈಪರ್ ಓಡಿತು. ಹಿಂದಿನ ಗಾಜು ಇಳಿಯಿತು. ಒಂದು ಹೆಣ್ಣು ದನಿ, ಬಲಕ್ಕೆ ತಿರುಗಿ ಎಂದಿತು. ದೀಪ ಮಾತ್ರ ಉರಿಯುತ್ತಲೇ ಇತ್ತು.

"ಇದು ಆರಲ್ಲ ಮಾವ... ಫೀಚರ್ ಇದು..." ಎನ್ನುತ್ತಾ ಅವರು ಇಳಿದು ಬಂದು ಟವೆಲ್ಲಿನಿಂದ ಒಂದು ದೀಪ ಮುಚ್ಚಿದರು. ಇನ್ನೊಂದಕ್ಕೆ ಟವೆಲ್ಲಿರಲಿಲ್ಲ, ಎದುರಿಗೆ ತಾವೇ ಅಡ್ಡ ನಿಂತರು. ಅಲ್ಲಿ ನಿಂತರೆ ಕಾರು ಓಡಿಸುವವರು ಯಾರು ಎಂಬುದು ಅವರಿಗೆ ಆಮೇಲೆ ಹೊಳೆಯಿತು.

ಅಷ್ಟರಲ್ಲಿ ಅಪ್ಪ ಕೋಲು ಊರಿಕೊಂಡು ಮರದ ಕಡೆ ನಡೆದಿದ್ದರು. ಯಾರೂ ದಾರಿ ತೋರಿಸಲಿಲ್ಲ. ಭಾವ ಓಡಿಬಂದು, ಮೊಣಕಾಲಿನಿಂದ ಒತ್ತಿ, ಎಳೆದು ಬಾಗಿಲು ತೆರೆದರು. "ಬನ್ನಿ ಮಾವ" ಎನ್ನುತ್ತಾ ಸೀಟನ್ನು ಅಂಗೈಯಿಂದಲೇ ಒರೆಸಿದರು.

ಅಕ್ಕನೂ ನಾನೂ ಹಿಂದೆ ಕೂತೆವು. ಸರ್ಕಲ್ಲಿಗೆ ಬಂದಾಗ ಭಾವ ಎಂದಿನಂತೆ ಬ್ರುಂ ಬ್ರುಂ ಎನ್ನಿಸುತ್ತಾ ಪೊಲೀಸಿನವನಿಗೆ ಕೈ ಎತ್ತಿದರು. ಅವನು ನಮ್ಮ ಕಡೆ ತಿರುಗಲೂ ಇಲ್ಲ. ಲಾರಿಯೊಂದು ನಮ್ಮನ್ನು ಚರಂಡಿಯ ಅಂಚಿಗೆ ತಳ್ಳಿ ಮುಂದೆ ಹೋಯಿತು. ಸೈಕಲ್ ರಿಪೇರಿಯವನು ತಲೆ ಎತ್ತಲಿಲ್ಲ.

"ಎಂಥ ಜನ ನೋಡಿ ಮಾವ" ಎಂದರು ಭಾವ ಬೇಸರದಿಂದ. "ಮೊನ್ನೆಮೊನ್ನೆವರೆಗೂ ಸೆಲ್ಯೂಟ್ ಹೊಡೀತಿದ್ರು. ಇವತ್ತು ನಾನು ಅನ್ನೋನು ಒಬ್ಬ ಇದ್ದೀನಿ ಅಂತಾನೇ ಯಾರಿಗೂ ಕಾಣ್ತಿಲ್ಲ."

"ಕಾಣದೇ ಇದ್ರೆ ಬಿಡಿ ಅಳಿಯಂದ್ರೇ" ಎಂದರು ಅಪ್ಪ. "ನನಗೆ ಕಾಣ್ತಿದ್ದೀರಲ್ಲ, ಸಾಲ್ದಾ?"

ಭಾವ ರಸ್ತೆಯನ್ನೇ ನೋಡುತ್ತಾ ಮೂಗೊರೆಸಿಕೊಂಡರು. ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಪ್ಪ ಕಪ್ಪು ಕನ್ನಡಕವನ್ನು ಮೆಲ್ಲಗೆ ಹಣೆಗೆ ಏರಿಸಿ, ಹೊಸ ಕಣ್ಣನ್ನು ಕಿರಿದು ಮಾಡಿ, ಪಕ್ಕದಲ್ಲಿದ್ದ ಅಳಿಯನ ಮುಖವನ್ನು ಬಹಳ ಪ್ರೀತಿಯಿಂದ, ಬಹಳ ಹತ್ತಿರದಿಂದ ನೋಡಿದರು.

"ಅದಿರ್ಲಿ," ಎಂದರು, "ಮೀಸೆಗೆ ಬಣ್ಣ ಹಚ್ತೀರಾ?"

ಬ್ರುಂ ಎನ್ನುವುದು ತಪ್ಪಿತು. ಸರ್ಕಲ್ಲಿನ ನಟ್ಟನಡುವೆ ಎಂಜಿನ್ ಸತ್ತುಹೋಯಿತು.